ಬಾಡಿಯಿಂದ ಶುರು ಮಾಡಿ: ಪುಟ್ಟ ಕಾರು ಕಟ್ಟಿ ಬಣ್ಣ ಹಚ್ಚುವ ಕೆಲಸ, ಹಂತ ಹಂತವಾಗಿ

ಪ್ಲಾಸ್ಟಿಕ್ ಕಾರಿನ ಕಿಟ್ ತಂದು ಡಬ್ಬ ಬಿಚ್ಚಿದರೆ ಒಳಗೆ ಒಂದು ಸೂಚನಾ ಹಾಳೆ ಸಿಗುತ್ತದೆ. ಅದರ ಮೊದಲ ಚಿತ್ರದಲ್ಲಿ ಎಂಜಿನ್, ಇಲ್ಲವೇ ಚಾಸಿ, ಅಂದರೆ ಕಾರಿನ ತಳದ ಚೌಕಟ್ಟು. ಆಮೇಲೆ ಚಕ್ರ, ಸೀಟು, ಸ್ಟಿಯರಿಂಗ್. ಕಾರಿನ ಬಾಡಿ ಬರುವುದು ಕೊನೆಯ ಪುಟದಲ್ಲಿ. ಹಾಳೆ ಹೇಳಿದ ಹಾಗೇ ಹೋದರೆ ಏನಾಗುತ್ತದೆ ಗೊತ್ತಾ? ಚಾಸಿ, ಸೀಟು ಎಲ್ಲ ಮುಗಿದು ಮೇಜಿನ ಮೇಲೆ ಕಾಯುತ್ತಿರುತ್ತವೆ. ಇನ್ನು ಬಾಡಿಗೆ ಒಂದು ಬಣ್ಣ ಹೊಡೆದರೆ ಕಾರು ರೆಡಿ ಅನ್ನಿಸುತ್ತದೆ. ಆ ಆತುರಕ್ಕೇ ಬಣ್ಣ ಕೆಡುವುದು.

ಹಾಗಾಗಿ ಹೊಸಬರಿಗೆ ನಾನು ಮೊದಲು ಹೇಳುವ ಮಾತು, ಕೊನೆಯ ಪುಟದಿಂದ ಶುರು ಮಾಡಿ ಅಂತ. ಬಾಡಿಯ ಮೇಲೆ ನೀವು ಕೈಯಾರೆ ಮಾಡುವ ಕೆಲಸ ಒಟ್ಟು ಐದಾರು ಗಂಟೆ ಇರಬಹುದು. ಅದು ಒಣಗಲು ಮಾತ್ರ ಎರಡು ಮೂರು ವಾರ ಬೇಕು. ಇವತ್ತು ಬಾಡಿಗೆ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಹೊಡೆದು ಒಣಗಲು ಇಟ್ಟರೆ, ನಾಳೆ ಚಾಸಿ ಕೆಲಸ. ಬಾಡಿಗೆ ಬಣ್ಣ ಬಿದ್ದ ದಿನ ಸೀಟಿನ ಕೆಲಸ. ಕೈಗೆ ಸದಾ ಕೆಲಸ ಇರುತ್ತದೆ, ಬಣ್ಣಕ್ಕೆ ಬೇಕಾದಷ್ಟು ಸಮಯವೂ ಸಿಗುತ್ತದೆ. ಈ ಲೇಖನ ಹೋಗುವುದೂ ಅದೇ ಕ್ರಮದಲ್ಲಿ.

ಮೊದಲ ಕಾರು ಯಾವುದಿರಲಿ?

1/24 ಅಳತೆಯ ಕಿಟ್ ತಗೊಳ್ಳಿ. 1/24 ಅಂದರೆ ನಿಜವಾದ ಕಾರಿನ 24 ಸೆಂ.ಮೀ. ಇಲ್ಲಿ 1 ಸೆಂ.ಮೀ. ನಮ್ಮ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ ಇತ್ತು. ಈ ಅಳತೆಗೆ ಇಳಿಸಿದರೆ 18 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಕಡಿಮೆ. ಕೈಯಲ್ಲಿ ಹಿಡಿದು ಕೆಲಸ ಮಾಡಲು ಹದವಾದ ಗಾತ್ರ. ಜಪಾನಿನ ಟಮಿಯಾ, ಹಸೆಗಾವಾ, ಫುಜಿಮಿ, ಆವೊಶಿಮಾ ಕಂಪನಿಗಳ ಕಾರುಗಳು ಹೆಚ್ಚಾಗಿ 1/24ರಲ್ಲೇ ಬರುತ್ತವೆ. ಅಮೆರಿಕದ ಎಎಂಟಿಯಂಥ ಹಳೆಯ ಹೆಸರುಗಳು 1/25. ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಟ್ಟರೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಈ ಲೇಖನದಲ್ಲಿ ನಾನು ಉದಾಹರಣೆಗೆ ಹಿಡಿಯುವುದು ಟಮಿಯಾದ 1/24 ಮಿನಿ ಕೂಪರ್. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಮಿನಿ ಅನ್ನುವ ಬ್ರಿಟಿಷ್ ಕಾರು 1959ರಲ್ಲಿ ಬಂತು, ಅದರ ಕೂಪರ್ ಮಾದರಿ 1961ರಲ್ಲಿ. ಉದ್ದ ಬರೀ 3.05 ಮೀಟರ್, ಚಕ್ರ 10 ಇಂಚು. ಇಷ್ಟು ಸಣ್ಣ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಓಡಿಸಿದ 37ನೇ ನಂಬರಿನ ಕಾರು ಇಂದಿಗೂ ಜನರ ಕಣ್ಣಲ್ಲಿದೆ. ಕೆಂಪು ಮೈ, ಬಿಳಿ ಛಾವಣಿ. ನನಗೆ ಈ ಕಾರು ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಎರಡು ಬಣ್ಣ ಇರುವುದರಿಂದ ಟೇಪ್ ಹಚ್ಚುವ ಕೆಲಸ ಮೊದಲ ಕಾರಿನಲ್ಲೇ ಕಲಿತುಬಿಡುತ್ತೀರಿ. ಮಾಡೆಲ್ ಮುಗಿದಾಗ ಉದ್ದ 13 ಸೆಂ.ಮೀ. ಕೂಡ ಇರುವುದಿಲ್ಲ.

ಬೇರೆ ಕಾರು ಬೇಕಿದ್ದರೂ ತೊಂದರೆಯಿಲ್ಲ. ಎಂಜಿನ್ ಇಲ್ಲದ, ಬಾನೆಟ್ ತೆರೆಯದ ಕಿಟ್ ಆರಿಸಿಕೊಳ್ಳಿ. ಕಪ್ಪು ಕಾರು ಮೊದಲಿಗೆ ಬೇಡವೇ ಬೇಡ. ಕಪ್ಪು ಬಣ್ಣದಲ್ಲಿ ಒಂದೊಂದು ಗೀರೂ, ಒಂದೊಂದು ಧೂಳಿನ ಕಣವೂ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಡಬ್ಬದೊಳಗೆ ಅಂಟು, ಬಣ್ಣ ಇರುವುದಿಲ್ಲ ಅನ್ನುವುದೂ ನೆನಪಿರಲಿ.

ಬೇಕಾದ ಸಾಮಾನು

ಉದ್ದದ ಪಟ್ಟಿ ನೋಡಿ ಹೆದರಬೇಡಿ. ಏರ್‌ಬ್ರಶ್, ಕಂಪ್ರೆಸರ್ ಯಾವುದೂ ಈಗ ಬೇಡ. ಸ್ಪ್ರೇ ಕ್ಯಾನ್‌ನಲ್ಲೇ ಕನ್ನಡಿಯಂಥ ಬಣ್ಣ ಬರುತ್ತದೆ.

ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಸಣ್ಣ ನಿಪ್ಪರ್, ಅಂದರೆ ಕತ್ತರಿಸುವ ಇಕ್ಕಳ, ಒಂದು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಒಂದು ಕಟರ್ ಬ್ಲೇಡ್, ಒಂದು ಚಿಮಟ. ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ತಿಕ್ಕುವ ಉಪ್ಪುಕಾಗದ, 400, 800, 1000, 1500, 2000 ನಂಬರಿನವು. ಗ್ಯಾರೇಜಿನವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ, ಜೆಸಿ ರಸ್ತೆಯಂಥ ಕಡೆ, ಇವೆಲ್ಲ ಬಿಡಿಯಾಗಿಯೇ ಕೊಡುತ್ತಾರೆ. ಬಣ್ಣ ತಾಗಬಾರದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪ್ ಮಾತ್ರ ಮಾಡೆಲ್ ಕೆಲಸಕ್ಕಂತಲೇ ಬರುವ ತೆಳುವಾದದ್ದು ಇರಲಿ. ಗೋಡೆಗೆ ಬಣ್ಣ ಹೊಡೆಯುವವರ ದಪ್ಪ ಟೇಪಿನ ಅಂಚಿನಲ್ಲಿ ಬಣ್ಣ ಒಳಗೆ ನುಗ್ಗುತ್ತದೆ.

ಅಂಟಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ನೀರಿನ ಹಾಗೆ ತೆಳ್ಳಗಿನ ಮಾಡೆಲ್ ಸಿಮೆಂಟ್ ಬೇಕು. ಅದು ಗೋಂದಿನ ಹಾಗೆ ಅಂಟುವುದಿಲ್ಲ, ಎರಡೂ ತುಂಡುಗಳನ್ನು ಕರಗಿಸಿ ಒಂದು ಮಾಡುತ್ತದೆ. ತುಂಡುಗಳನ್ನು ಜೋಡಿಸಿ ಹಿಡಿದು ಸಂದಿಗೆ ಬ್ರಶ್ ತುದಿ ತಾಗಿಸಿದರೆ ಸಾಕು, ಅಂಟು ತಾನೇ ಒಳಗೆ ಹರಿದುಹೋಗುತ್ತದೆ. ಫೆವಿಕಾಲ್‌ಗೂ ಕೆಲಸ ಇದೆ, ಗಾಜು ಕೂರಿಸುವಾಗ. ಫೆವಿಕ್ವಿಕ್ ಥರದ ಅಂಟು ಗಾಜಿನ ಹತ್ತಿರಕ್ಕೂ ಬರಬಾರದು. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರುತ್ತದೆ, ಒರೆಸಿದರೂ ಹೋಗುವುದಿಲ್ಲ.

ಬಣ್ಣಕ್ಕೆ ಮಾಡೆಲ್‌ಗಳಿಗಾಗಿಯೇ ಬರುವ ಲ್ಯಾಕರ್ (ಬೇಗ ಒಣಗುವ ಥಿನ್ನರ್ ಬಣ್ಣ) ಸ್ಪ್ರೇ ಕ್ಯಾನ್ ತಗೊಳ್ಳಿ. ಟಮಿಯಾದ್ದಾದರೆ ಟಿಎಸ್ ಅನ್ನುವ ಸಾಲು. ಪಿಎಸ್ ಅನ್ನುವ ಇನ್ನೊಂದು ಸಾಲಿದೆ, ಅದು ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ. ಆತುರದಲ್ಲಿ ಅದನ್ನು ತಂದು ಈ ಪ್ಲಾಸ್ಟಿಕ್ ಮೇಲೆ ಹೊಡೆಯಬೇಡಿ. ನಮ್ಮ ಮಿನಿಗೆ ಬೇಕಾದದ್ದು ಬಿಳಿ ಪ್ರೈಮರ್, ಟಿಎಸ್-7 ರೇಸಿಂಗ್ ವೈಟ್, ಟಿಎಸ್-8 ಇಟಾಲಿಯನ್ ರೆಡ್, ಟಿಎಸ್-13 ಕ್ಲಿಯರ್, ಅಂದರೆ ಕೊನೆಗೆ ಹೊಡೆಯುವ ಬಣ್ಣವಿಲ್ಲದ ಹೊಳಪಿನ ಪದರ. ಆ ಕಾಲದ ಮಿನಿಯ ಛಾವಣಿ ಹಾಲಿನ ಬಿಳುಪಲ್ಲ, ಸ್ವಲ್ಪ ಕೆನೆ ಬಣ್ಣ. ಅದಕ್ಕೇ ರೇಸಿಂಗ್ ವೈಟ್.

ಗ್ಯಾರೇಜಿನ ಡ್ಯೂಕೋ ಬಣ್ಣ ಅಗ್ಗಕ್ಕೆ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಅದರ ಥಿನ್ನರ್ ತುಂಬ ಖಾರ. ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಮೊದಲ ಕಾರಿಗೆ ಬೇಡ.

ಇಷ್ಟರ ಜೊತೆಗೆ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಕೊಳ್ಳಿ. ಬಟ್ಟೆ ಮಾಸ್ಕ್, ಎನ್95 ಧೂಳಿಗೆ ಸರಿ, ಥಿನ್ನರ್ ಆವಿಗೆ ಅಲ್ಲ. ಈ ಖರ್ಚಿನಲ್ಲಿ ಜಿಪುಣತನ ಬೇಡ.

ತೊಳೆಯಿರಿ, ಆಮೇಲೆ ಗೆರೆ ಹುಡುಕಿ

ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಎಣ್ಣೆಯಂಥದ್ದನ್ನು ಬಳಸಿರುತ್ತಾರೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಬಾಡಿಯನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆದು ಒಣಗಿಸಿ.

ಈಗ ಬಾಡಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನ ತಿರುಗಿಸಿ. ಬೆಳಕಿನ ಪಟ್ಟಿ ಮೈಮೇಲೆ ಸರಿಯುವಾಗ ಒಂದೆರಡು ಕಡೆ ಕೂದಲಿನಷ್ಟು ಸಣ್ಣ ಏಣು ಕಾಣುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು, ಮೋಲ್ಡ್ ಲೈನ್ ಅನ್ನುತ್ತಾರೆ. ಸಾಮಾನ್ಯವಾಗಿ ಮುಂದಿನ ಮಡ್‌ಗಾರ್ಡ್‌ಗಳ ಮೇಲೆ, ಛಾವಣಿಯ ಅಂಚಿನಲ್ಲಿ, ಹಿಂದಿನ ಮೂಲೆಗಳಲ್ಲಿ ಇರುತ್ತದೆ. ಬ್ಲೇಡಿನ ಬೆನ್ನನ್ನು ಅದರ ಮೇಲೆ ಮೆಲ್ಲಗೆ ಎಳೆದು ಕೆರೆಯಿರಿ. ಆಮೇಲೆ 800, 1000 ನಂಬರ್ ವಾಟರ್ ಪೇಪರ್ ಒದ್ದೆ ಮಾಡಿ ತಿಕ್ಕಿ. ಉಗುರು ಅಡ್ಡ ಎಳೆದರೆ ಏನೂ ತಡೆಯಬಾರದು.

ಆದರೆ ಮಿನಿಯಲ್ಲಿ ಒಂದು ಎಚ್ಚರ ಬೇಕು. ನಿಜವಾದ ಮಿನಿಯ ತಗಡುಗಳನ್ನು ಬೆಸೆದ ಅಂಚುಗಳು ಹೊರಗೇ ಇವೆ. ಮುಂದಿನ ಚಕ್ರದ ಹಿಂದೆ ಬಾಗಿಲಿನ ಮುಂಭಾಗದಲ್ಲೊಂದು, ಹಿಂದಿನ ಮೂಲೆಯಲ್ಲೊಂದು. ಬಾಗಿಲಿನ ತಿರುಗಣಿಗಳೂ ಹೊರಗೇ. ಇವನ್ನು ಮೋಲ್ಡ್ ಲೈನ್ ಅಂದುಕೊಂಡು ತಿಕ್ಕಿ ತೆಗೆದರೆ ಅದು ಮಿನಿಯೇ ಅಲ್ಲ. ನಿಜವಾದ ಕಾರಿನ ನಾಲ್ಕು ಫೋಟೋ ಪಕ್ಕದಲ್ಲಿಟ್ಟುಕೊಂಡು, ಯಾವ ಏಣು ಕಾರಿನದು, ಯಾವುದು ಅಚ್ಚಿನದು ಅಂತ ನೋಡಿ ಕೆರೆಯಿರಿ. ಈ ಹವ್ಯಾಸದಲ್ಲಿ ನನಗೆ ತುಂಬ ಸಂತೋಷ ಕೊಡುವ ಗಳಿಗೆ ಇದು. ಇಷ್ಟು ವರ್ಷ ನೋಡಿದ ಕಾರಿನಲ್ಲಿ ಎಂದೂ ಗಮನಿಸದ ಗೆರೆ ಒಂದು ಆಗ ಕಣ್ಣಿಗೆ ಬೀಳುತ್ತದೆ.

ಬಾಗಿಲು, ಬಾನೆಟ್ ಸುತ್ತಲಿನ ಸಂದಿಗಳನ್ನು ಬ್ಲೇಡಿನ ಬೆನ್ನಿನಿಂದ ಎರಡು ಮೂರು ಸಲ ಎಳೆದು ಸ್ವಲ್ಪ ಆಳ ಮಾಡಿ. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಆ ಸಂದಿಯನ್ನು ಮುಚ್ಚುತ್ತಾ ಬರುತ್ತವೆ. ಹಾಗೇ ಚಾಸಿ, ಸೀಟಿನ ತಳ, ಗಾಜು ಎಲ್ಲವನ್ನೂ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ತಾಗುತ್ತದೆ ಅನ್ನುವುದು ಬಣ್ಣ ಹೊಡೆಯುವ ಮುಂಚೆ ಗೊತ್ತಾಗಬೇಕು.

ಪ್ರೈಮರ್

ಬಾಡಿಯನ್ನು ಹಿಡಿದುಕೊಳ್ಳಲು ಒಂದು ಹಿಡಿ ಬೇಕು. ಖಾಲಿ ನೀರಿನ ಬಾಟಲಿಗೆ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಸುತ್ತಿ, ಬಾಡಿಯನ್ನು ಒಳಗಿನಿಂದ ಅದಕ್ಕೆ ಕೂರಿಸಿ. ಬಾಟಲಿ ತಿರುಗಿಸಿದರೆ ಎಲ್ಲ ಮೂಲೆಗೂ ಸ್ಪ್ರೇ ಸಿಗುತ್ತದೆ.

ಪ್ರೈಮರ್‌ಗೆ ಎರಡು ಕೆಲಸ. ಬಣ್ಣ ಹಿಡಿಸುವುದು ಒಂದು. ತಪ್ಪು ತೋರಿಸುವುದು ಇನ್ನೊಂದು. ಪ್ಲಾಸ್ಟಿಕ್ ಮೇಲೆ ಕಾಣದಿದ್ದ ಗೀರುಗಳು ಪ್ರೈಮರ್ ಬಿದ್ದ ಕೂಡಲೇ ಕಾಣುತ್ತವೆ. ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ದಿನ ಒಣಗಲು ಬಿಟ್ಟು, 1000 ನಂಬರಿನಲ್ಲಿ ಒದ್ದೆಯಾಗಿ ತಿಕ್ಕಿ, ಮತ್ತೊಂದು ತೆಳು ಪದರ ಹೊಡೆಯಿರಿ. ಕೆಂಪಿನ ಕೆಳಗೆ ಬಿಳಿ ಪ್ರೈಮರ್ ಇದ್ದರೆ ಕೆಂಪು ಹೊಳೆಯುತ್ತದೆ, ಬೂದು ಇದ್ದರೆ ಮಂಕಾಗುತ್ತದೆ.

ಬಣ್ಣ ಹೊಡೆಯುವ ದಿನ

ಒಂದು ಲೆಕ್ಕ ಹೇಳುತ್ತೇನೆ. 1/24ರಲ್ಲಿ ಅರ್ಧ ಮಿ.ಮೀ. ಧೂಳಿನ ಕಣ ಅಂದರೆ ನಿಜವಾದ ಕಾರಿನ ಮೇಲೆ 12 ಮಿ.ಮೀ. ಕಲ್ಲು ಕೂತ ಹಾಗೆ. ಬಣ್ಣದ ದಪ್ಪ 0.1 ಮಿ.ಮೀ. ಜಾಸ್ತಿಯಾದರೆ ನಿಜವಾದ ಕಾರಿಗೆ 2.4 ಮಿ.ಮೀ. ಬಣ್ಣ ಬಳಿದ ಹಾಗೆ. ಧೂಳಿಲ್ಲದ ಜಾಗ, ತೆಳುವಾದ ಪದರ. ಮುಂದೆ ಹೇಳುವುದೆಲ್ಲ ಈ ಎರಡಕ್ಕೇ.

ದಿನ ಆರಿಸಿಕೊಳ್ಳಿ. ಮಳೆಯ ದಿನ, ಮೋಡ ಮುಸುಕಿದ ದಿನ ಬೇಡ. ಒಂದು ಜುಲೈ ತಿಂಗಳಲ್ಲಿ, ಜಿಟಿಜಿಟಿ ಮಳೆ ನಿಂತ ಅರ್ಧ ಗಂಟೆಗೆ, ನಾನು ಒಂದು ಕಡುನೀಲಿ ಬಾಡಿಗೆ ಬಣ್ಣ ಹೊಡೆದೆ. ಕಣ್ಣೆದುರೇ ನೀಲಿಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಪೊರೆ ಬಂತು. ತುಂಬ ನೋವಾಯಿತು. ಕಾರಣ ಆಮೇಲೆ ತಿಳಿಯಿತು. ಲ್ಯಾಕರ್‌ನ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಆ ಹಸಿ ಬಣ್ಣದೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ನಿಮಗೂ ಹಾಗಾದರೆ ಉಜ್ಜಲು ಹೋಗಬೇಡಿ. ಒಣಹವೆ ಇರುವ ದಿನ ಕಾದು, ಅದೇ ಬಣ್ಣವನ್ನೋ ಕ್ಲಿಯರ್ ಅನ್ನೋ ತೆಳುವಾಗಿ ಹೊಡೆದರೆ ಪೊರೆ ಬಹಳ ಸಲ ಕರಗಿಹೋಗುತ್ತದೆ. ನನ್ನದು ಹಾಗೇ ಸರಿಹೋಯಿತು. ಕರಾವಳಿಯವರು, ಮಲೆನಾಡಿನವರು ಮಳೆಗಾಲವನ್ನು ಚಾಸಿ, ಸೀಟಿನ ಕೆಲಸಕ್ಕೆ ಇಟ್ಟುಕೊಂಡು, ಬಾಡಿಗಳನ್ನು ಬೇಸಿಗೆಗೆ ಉಳಿಸಿಕೊಳ್ಳುವುದು ಒಳ್ಳೆಯದು.

ಜಾಗ ಅಂದರೆ ಟೆರೇಸ್ ಅಥವಾ ಬಾಲ್ಕನಿ. ಬೆಳಿಗ್ಗೆ ಗಾಳಿ ಏಳುವ ಮುಂಚೆ. ಒಂದು ದೊಡ್ಡ ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ ಅದರೊಳಗೆ ಹೊಡೆಯಿರಿ. ಸುತ್ತಮುತ್ತ ಬೆಂಕಿ ಇರಬಾರದು. ಗ್ಯಾಸ್ ಗೀಸರ್, ಒಲೆ ಮಾತ್ರ ಅಲ್ಲ, ದೇವರ ದೀಪ, ಊದುಬತ್ತಿ ಕೂಡ.

ಕ್ಯಾನನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ. ಕೈ ಇಟ್ಟರೆ ಹಿತವೆನಿಸುವಷ್ಟು ಬಿಸಿ, ಅಷ್ಟೇ. ಕುದಿಯುವ ನೀರಿಗೆ, ಒಲೆಯ ಹತ್ತಿರಕ್ಕೆ ಯಾವತ್ತೂ ಒಯ್ಯಬೇಡಿ, ಕ್ಯಾನ್ ಸಿಡಿಯುತ್ತದೆ. ಬೆಚ್ಚಗಾದ ಕ್ಯಾನಿನಿಂದ ಬಣ್ಣ ಸಣ್ಣ ಹನಿಯಾಗಿ ಬರುತ್ತದೆ. ಹೊರಗಿನ ನೀರನ್ನು ಒರೆಸಿ, ಎರಡು ನಿಮಿಷ ಚೆನ್ನಾಗಿ ಕುಲುಕಿ. ಮೊದಲು ಒಂದು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆದು ನೋಡಿ. ಆ ಚಮಚವನ್ನು ಎಸೆಯಬೇಡಿ, ಅದರ ಕೆಲಸ ಇನ್ನೂ ಇದೆ.

ಹೊಡೆಯುವ ದೂರ 15ರಿಂದ 20 ಸೆಂ.ಮೀ. ಬಾಡಿಯ ಹೊರಗೆ ಗುಂಡಿ ಒತ್ತಿ, ಬಾಡಿಯ ಮೇಲೆ ಹಾದುಹೋಗಿ, ಆಚೆ ದಾಟಿದ ಮೇಲೆ ಬೆರಳು ತೆಗೆಯಿರಿ. ಕಾರಿನ ಮೇಲೇ ಒತ್ತಿ ಕಾರಿನ ಮೇಲೇ ನಿಲ್ಲಿಸಿದರೆ ಹನಿ ಬೀಳುವುದು ಗ್ಯಾರಂಟಿ. ಮೊದಲ ಪದರದಲ್ಲಿ ಪ್ರೈಮರ್ ಇನ್ನೂ ಕಾಣುತ್ತಿರಬೇಕು. ಬಿಸಿಲಿಗೆ ಒಣಹಾಕಿದ ಬಟ್ಟೆಯ ಮೇಲೆ ನೀರು ಚಿಮುಕಿಸಿದ ಹಾಗೆ, ಅಷ್ಟೇ ಸಾಕು. 10-15 ನಿಮಿಷ ಬಿಟ್ಟು ಎರಡನೆಯದು. ಮೂರನೆಯದನ್ನು ಸ್ವಲ್ಪ ನಿಧಾನವಾಗಿ, ಹಸಿಯಾಗಿ ಹೊಳೆಯುವಷ್ಟು. ಅಂಚು, ಮೂಲೆಗಳಿಗೆ ಮೊದಲು ಹೊಡೆದು ಆಮೇಲೆ ಅಗಲವಾದ ಜಾಗಕ್ಕೆ ಬನ್ನಿ.

ಕೂದಲೋ ಸೊಳ್ಳೆಯೋ ಬಂದು ಕೂತರೆ ಏನು ಮಾಡುವುದು? ಏನೂ ಮಾಡಬೇಡಿ. ಹಸಿ ಬಣ್ಣಕ್ಕೆ ಕೈ ಹಾಕಿದರೆ ಒಂದು ಚುಕ್ಕೆಯಷ್ಟಿದ್ದದ್ದು ಒಂದು ಬೆರಳಿನಷ್ಟಾಗುತ್ತದೆ. ಒಣಗಿದ ಮೇಲೆ 1500 ನಂಬರಿನಲ್ಲಿ ತಿಕ್ಕಿ ಮತ್ತೆ ಹೊಡೆಯಬಹುದು.

ಬಿಳಿ ಮೊದಲು, ಕೆಂಪು ಆಮೇಲೆ

ಎರಡು ಬಣ್ಣದ ಕಾರಿಗೆ ತಿಳಿ ಬಣ್ಣ ಮೊದಲು. ಕೆಂಪಿನ ಮೇಲೆ ಬಿಳಿ ಹೊಡೆದರೆ ಕೆಂಪು ಒಳಗಿನಿಂದ ಮೇಲೆದ್ದು ಬಿಳಿಯನ್ನು ಗುಲಾಬಿ ಮಾಡುತ್ತದೆ. ಹಾಗಾಗಿ ಛಾವಣಿಗೆ ರೇಸಿಂಗ್ ವೈಟ್ ಹೊಡೆದು, ಕನಿಷ್ಠ ಎರಡು ಮೂರು ದಿನ ಬಿಡಿ. ಒಂದೇ ದಿನಕ್ಕೆ ಟೇಪ್ ಹಚ್ಚಿದರೆ ಅದರ ಗುರುತು ಬಣ್ಣದಲ್ಲಿ ಉಳಿದುಬಿಡುತ್ತದೆ.

ಟೇಪಿನ ಸುರುಳಿಯ ಅಂಚು ನೋಡಿ. ಮೇಜಿನ ಮೇಲೆ ಬಿದ್ದು ಎದ್ದು ಅದಕ್ಕೆ ಧೂಳು, ನೂಲು ಅಂಟಿರುತ್ತದೆ. ಹಾಗಾಗಿ ಟೇಪನ್ನು ಒಂದು ಗಾಜಿನ ತುಂಡಿನ ಮೇಲೆ ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು, ಹೊಸ ಬ್ಲೇಡಿನಲ್ಲಿ 2-3 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ. ಇಷ್ಟು ಸಣ್ಣ ಪಟ್ಟಿ ತಿರುವುಗಳಲ್ಲೂ ಸುಕ್ಕಿಲ್ಲದೆ ಬಾಗುತ್ತದೆ. ಮಿನಿಯ ಛಾವಣಿಯ ಸುತ್ತ ಮಳೆನೀರು ಹರಿದುಹೋಗುವ ಒಂದು ಪುಟ್ಟ ಅಂಚು ಇದೆ. ಬಿಳಿ, ಕೆಂಪು ಸೇರುವುದು ಅಲ್ಲೇ. ಪಟ್ಟಿಯನ್ನು ಆ ಅಂಚಿನ ಗುಂಟ ಸ್ವಲ್ಪ ಸ್ವಲ್ಪವೇ ಕೂರಿಸುತ್ತಾ ಹೋಗಿ. ಆಮೇಲೆ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಅಂಚನ್ನು ಒತ್ತಿ ಉಜ್ಜಿ. ಟೇಪಿನ ಕೆಳಗೆ ಗಾಳಿ ಇದ್ದ ಕಡೆ ಅದು ಮಂಕಾಗಿ ಕಾಣುತ್ತದೆ, ಸರಿಯಾಗಿ ಕೂತ ಕಡೆ ಕೆಳಗಿನ ಬಿಳುಪು ನಿಚ್ಚಳವಾಗಿ ಕಾಣುತ್ತದೆ. ಸುತ್ತ ಒಂದೇ ಸಮ ಕಾಣುವ ತನಕ ಉಜ್ಜಿ. ಛಾವಣಿಯ ನಡುಭಾಗಕ್ಕೆ ಅಗಲ ಟೇಪ್ ಅಥವಾ ಕಾಗದ ಸಾಕು. ಕಿಟಕಿಗಳನ್ನು ಒಳಗಿನಿಂದ ಮುಚ್ಚಲು ಮರೆಯಬೇಡಿ. ಮರೆತರೆ ಕೆಂಪು ಪುಡಿ ಒಳಗಿಂದ ಬಂದು ಛಾವಣಿಯ ಅಂಚಿಗೆ ಕೂರುತ್ತದೆ.

ಈಗ ಕೆಂಪು ಹೊಡೆಯುವ ಮುಂಚೆ ಟೇಪಿನ ಅಂಚಿಗೆ ಅದೇ ಬಿಳಿಯನ್ನು ಒಂದು ತೆಳು ಪದರ ಹೊಡೆಯಿರಿ. ಎಲ್ಲಾದರೂ ಸಂದಿ ಉಳಿದಿದ್ದರೆ ಅದರೊಳಗೆ ನುಗ್ಗುವುದು ಬಿಳಿ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಸಂದಿ ಮುಚ್ಚಿದ ಮೇಲೆ ಕೆಂಪಿಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಇದನ್ನು ಕಲಿತ ಮೇಲೆ ನನ್ನ ಕಾರುಗಳ ಗೆರೆಗಳು ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ಬರತೊಡಗಿದವು.

ಕೆಂಪಿನ ಕೊನೆಯ ಪದರ ಹೊಡೆದು ಅರ್ಧ ಮುಕ್ಕಾಲು ಗಂಟೆಗೆ ಟೇಪ್ ತೆಗೆಯಿರಿ. ಮೇಲಕ್ಕೆ ಎಳೆಯಬೇಡಿ. ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಬಾಡಿಗೆ ಒತ್ತಾಗಿ, ನಿಧಾನವಾಗಿ. ಕೆಂಪಿನ ಕೆಳಗಿನಿಂದ ಬಿಳಿ ಛಾವಣಿ ಹೊರಬರುವುದನ್ನು ನೋಡುವಾಗ ಮನೆಯವರನ್ನು ಕರೆದು ತೋರಿಸಬೇಕು ಅನ್ನಿಸುತ್ತದೆ.

ಬಾಡಿಯ ಮೇಲೆ ಒಂದು ಡಬ್ಬ ಮುಚ್ಚಿಟ್ಟು, ಒಂದು ವಾರ ಮರೆತುಬಿಡಿ. ಮುಟ್ಟಿ ನೋಡಬೇಕು ಅನ್ನಿಸಿದಾಗ ಆ ಚಮಚವನ್ನು ಮುಟ್ಟಿ ನೋಡಿ. ಕಾರಿನ ಜೊತೆಗೇ ಅದಕ್ಕೂ ಬಣ್ಣ ಬಿದ್ದಿದೆ, ಜೊತೆಗೇ ಒಣಗುತ್ತದೆ. ಬೆರಳಿನ ಗುರುತು ಬಿದ್ದರೂ ಚಮಚದ ಮೇಲೆ ತಾನೇ? ಇನ್ನೊಂದು ಪರೀಕ್ಷೆ ಮೂಗು. ಬಾಡಿಯ ಹತ್ತಿರ ಮೂಗು ತಂದಾಗ ಥಿನ್ನರ್ ವಾಸನೆ ಬಂದರೆ ಬಣ್ಣ ಇನ್ನೂ ಒಣಗುತ್ತಿದೆ ಅಂತ ಅರ್ಥ.

ಅಷ್ಟರಲ್ಲಿ ಉಳಿದ ಕೆಲಸ

ಈ ವಾರದಲ್ಲಿ ಸೂಚನಾ ಹಾಳೆಯ ಮೊದಲ ಪುಟಕ್ಕೆ ಹೋಗಿ. ತುಂಡುಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸುವಾಗ ಎರಡು ಸಲ ಕತ್ತರಿಸಿ. ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಒಂದೇ ಏಟಿಗೆ ಒತ್ತಾಗಿ ಕತ್ತರಿಸಿದರೆ ತುಂಡಿನ ಮಾಂಸವೂ ಕಿತ್ತುಬರುತ್ತದೆ.

ಚಾಸಿಗೆ ಅರೆಹೊಳಪಿನ ಕಪ್ಪು. ಪೂರ್ತಿ ಹೊಳೆಯುವ ಕಪ್ಪು ಆಟಿಕೆಯ ಹಾಗೆ ಕಾಣುತ್ತದೆ. ಟೈರಿನ ನೆಲ ತಾಗುವ ಭಾಗವನ್ನು 400 ನಂಬರ್ ಪೇಪರಿನ ಮೇಲೆ ಉರುಳಿಸಿ ಉಜ್ಜಿ. ಹೊಸ ರಬ್ಬರಿನ ಹೊಳಪು ಹೋಗಿ, ನಾಲ್ಕು ಮೈಲಿ ಓಡಿದ ಟೈರು ಅನ್ನಿಸುತ್ತದೆ. ಸೀಟು, ಡ್ಯಾಶ್‌ಬೋರ್ಡಿಗೆ ಅಕ್ರಿಲಿಕ್ ಬಣ್ಣವನ್ನು ಸ್ವಲ್ಪ ತೆಳು ಮಾಡಿ ಬ್ರಶ್‌ನಲ್ಲಿ ಹಚ್ಚಿ. ಒಂದೇ ಕಡೆ ಮತ್ತೆ ಮತ್ತೆ ತೀಡಬೇಡಿ, ಗೆರೆ ಬೀಳುತ್ತದೆ. ಒಂದು ಸಲ ಹಚ್ಚಿ, ಒಣಗಲು ಬಿಟ್ಟು, ಅಡ್ಡಲಾಗಿ ಇನ್ನೊಂದು ಸಲ.

ಕ್ರೋಮ್ ಲೇಪಿಸಿದ ತುಂಡುಗಳಿಗೆ ಅಂಟು ಹಿಡಿಯುವುದಿಲ್ಲ. ಅಂಟುವ ಜಾಗದಲ್ಲಷ್ಟೇ ಆ ಲೇಪವನ್ನು ಬ್ಲೇಡಿನಲ್ಲಿ ಕೆರೆದು ತೆಗೆಯಿರಿ.

ಡಿಕಾಲ್, ಕ್ಲಿಯರ್, ಹೊಳಪು

ಡಿಕಾಲ್ ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ತೆಳು ಚಿತ್ರ. ನಂಬರ್, ಲಾಂಛನ ಎಲ್ಲ ಅದರಲ್ಲಿರುತ್ತದೆ. ಒಂದೊಂದನ್ನೇ ಕತ್ತರಿಸಿ, ಹತ್ತು ಹದಿನೈದು ಸೆಕೆಂಡ್ ನೀರಲ್ಲಿ ಅದ್ದಿ, ಹೊರಗೆ ತೆಗೆದು ಒಂದು ನಿಮಿಷ ಬಿಡಿ. ಕಾಗದದ ಮೇಲೆ ಅದು ತಾನೇ ಜಾರತೊಡಗಿದಾಗ ಬಾಗಿಲಿನ ಮೇಲೆ ಒಂದು ಹನಿ ನೀರು ಹಾಕಿ ಅಲ್ಲಿಗೆ ಸರಿಸಿ. ಹತ್ತಿಯ ಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ತೆಗೆಯಿರಿ. ಬಾಗಿಲಿನ ಸಂದಿ, ತಿರುಗಣಿಯ ಮೇಲೆ ಬಂದ ಡಿಕಾಲ್ ಬಿಗಿದುಕೊಳ್ಳಲು ಡಿಕಾಲ್ ಸಾಫ್ಟನರ್ ಅನ್ನುವ ದ್ರವ ಸಿಗುತ್ತದೆ. ಹಚ್ಚಿದ ಕೂಡಲೇ ಡಿಕಾಲ್ ಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಬೇಡಿ, ಒಣಗುವಾಗ ತಾನೇ ಚಪ್ಪಟೆಯಾಗುತ್ತದೆ.

ಒಂದು ದಿನದ ನಂತರ ಒದ್ದೆ ಬಟ್ಟೆಯಲ್ಲಿ ಡಿಕಾಲ್ ಅಂಟಿನ ಕಲೆ ಒರೆಸಿ, ಕ್ಲಿಯರ್ ಹೊಡೆಯಿರಿ. ಇಲ್ಲಿ ಆತುರ ಸಲ್ಲದು. ಲ್ಯಾಕರ್ ಕ್ಲಿಯರ್ ಹಸಿಯಾಗಿ ಬಿದ್ದರೆ ಡಿಕಾಲ್ ಕರಗಿ ಮುದುಡುತ್ತದೆ. ನನ್ನ ಒಂದು ಕಾರಿನ ಬಾಗಿಲಿನ ನಂಬರ್ ಹೀಗೇ ಹೋಯಿತು, ಅದಕ್ಕೆ ಇನ್ನೊಂದು ಡಿಕಾಲ್ ಸಿಗಲೇ ಇಲ್ಲ. ಮೊದಲ ಎರಡು ಪದರ ಬರೀ ಮಂಜಿನಂತೆ, ನಡುವೆ ಅರ್ಧ ಗಂಟೆ. ಆಮೇಲೆ ಮೂರನೆಯದು, ನಾಲ್ಕನೆಯದು ಸ್ವಲ್ಪ ಹಸಿಯಾಗಿ.

ಮತ್ತೆ ಒಂದು ವಾರ. ಆಮೇಲೆ ಹೊಳಪು ಕೊಡುವ ಕೆಲಸ. ಕ್ಲಿಯರ್ ಮೇಲೆ ಕಿತ್ತಳೆ ಸಿಪ್ಪೆಯಂಥ ತಗ್ಗುದಿಣ್ಣೆ ಇದ್ದರೆ ಮಾತ್ರ 2000 ನಂಬರ್ ಪೇಪರನ್ನು ಸೋಪು ನೀರಿನಲ್ಲಿ ಅದ್ದಿ ಹಗುರವಾಗಿ ತಿಕ್ಕಿ. ಅಂಚುಗಳನ್ನು, ಬಾನೆಟ್‌ನ ಏಣುಗಳನ್ನು ಮುಟ್ಟಬೇಡಿ. ಬಣ್ಣ ಅಲ್ಲಿ ತೆಳುವಾಗಿರುತ್ತದೆ, ಎರಡು ತಿಕ್ಕಿಗೆ ಪ್ಲಾಸ್ಟಿಕ್ ಕಾಣುತ್ತದೆ. ಆಮೇಲೆ ಮಾಡೆಲ್‌ಗೆಂದು ಬರುವ ಪಾಲಿಶಿಂಗ್ ಕಾಂಪೌಂಡ್, ಮೊದಲು ಒರಟು, ಆಮೇಲೆ ನಯ. ಮೆತ್ತಗಿನ ಹಳೆಯ ಹತ್ತಿ ಬನಿಯನ್ ತುಂಡು ಒಳ್ಳೆಯದು. ಟ್ಯೂಬ್‌ಲೈಟಿನ ಪ್ರತಿಬಿಂಬ ಬಾನೆಟ್ ಮೇಲೆ ಬಾಗದೆ ನೇರವಾಗಿ ಕಂಡಾಗ ನಿಲ್ಲಿಸಿ.

ಸಣ್ಣ ಗೆರೆಗಳು

ಬಾಗಿಲು, ಬಾನೆಟ್ ಸಂದಿಗಳಿಗೆ ತೆಳು ಎನಾಮೆಲ್ ಬಣ್ಣ ತಾಗಿಸಿದರೆ ಅದು ಸಂದಿಯ ಗುಂಟ ಓಡುತ್ತದೆ. ಹೆಚ್ಚಾದದ್ದನ್ನು ಎನಾಮೆಲ್ ಥಿನ್ನರ್ ಸವರಿದ ಹತ್ತಿಯ ಕಡ್ಡಿಯಲ್ಲಿ ಒರೆಸಿ. ಒಣಗಿದ ಲ್ಯಾಕರ್ ಬಣ್ಣಕ್ಕೆ ಎನಾಮೆಲ್ ಥಿನ್ನರ್ ಏನೂ ಮಾಡುವುದಿಲ್ಲ, ಅದಕ್ಕೇ ಈ ಉಪಾಯ ನಡೆಯುತ್ತದೆ. ಇದರ ತಿರುವುಮುರುವು, ಎನಾಮೆಲ್ ಮೇಲೆ ಲ್ಯಾಕರ್, ಎಂದೂ ಬೇಡ, ಕೆಳಗಿನದು ಗುಳ್ಳೆಯೇಳುತ್ತದೆ. ಕೆಂಪು ಕಾರಿನ ಸಂದಿಗೆ ಕಡುಕಂದು ಹಚ್ಚಿ. ಅಚ್ಚ ಕಪ್ಪು ಪೆನ್ನಿನಲ್ಲಿ ಗೀಚಿದ ಹಾಗೆ ಕಾಣುತ್ತದೆ.

ಕಿಟಕಿಯ ಸುತ್ತಲಿನ ರಬ್ಬರಿಗೆ ಅರೆಹೊಳಪಿನ ಕಪ್ಪು, ಟೇಪ್ ಹಚ್ಚಿ ಸಣ್ಣ ಬ್ರಶ್‌ನಲ್ಲಿ. ಈ ಒಂದು ಕಪ್ಪು ಗೆರೆ ಬಂದ ಕೂಡಲೇ ಕಾರು ನಿಜ ಅನ್ನಿಸತೊಡಗುತ್ತದೆ. ಬಾಗಿಲ ಹಿಡಿ, ದೀಪದ ಸುತ್ತಲಿನ ಉಂಗುರಕ್ಕೆ ಮೊಲೊಟೊ ಕಂಪನಿಯ ಕ್ರೋಮ್ ಬಣ್ಣದ ಪೆನ್ ಇದ್ದರೆ ಕೆಲಸ ಸಲೀಸು.

ಕೊನೆಯ ಜೋಡಣೆ

ಗಾಜನ್ನು ಒಳಗಿನಿಂದ ಫೆವಿಕಾಲ್‌ನಲ್ಲಿ ಕೂರಿಸಿ. ಹೊರಗೆ ಬಂದರೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಒಂದು ರಾತ್ರಿ ಬಿಡಿ. ಆಮೇಲೆ ಸೀಟಿನ ಭಾಗ ಚಾಸಿಗೆ, ಚಾಸಿ ಬಾಡಿಗೆ. ಬಾಡಿಯ ಬದಿಗಳನ್ನು ಒಂದು ಮಿ.ಮೀ. ಹೊರಗೆ ಎಳೆದು ಹಿಡಿದರೆ ಚಾಸಿ ಒಳಗೆ ಜಾರುತ್ತದೆ, ಒತ್ತಿ ತುರುಕಬೇಡಿ. ಕಾರನ್ನು ಒಂದು ಗಾಜಿನ ಮೇಲೆ ನಿಲ್ಲಿಸಿ ನೋಡಿ, ನಾಲ್ಕು ಚಕ್ರವೂ ತಾಗಬೇಕು. ಒಂದು ಎದ್ದಿದ್ದರೆ ಅಂಟು ಒಣಗುವ ಮುಂಚೆ ಸರಿ ಮಾಡಿಕೊಳ್ಳಿ.

ಗ್ರಿಲ್, ಬಂಪರ್, ದೀಪಗಳು, ನಂಬರ್ ಪ್ಲೇಟ್ ಇದಾದ ಮೇಲೆ. ಕನ್ನಡಿ ಮತ್ತು ವೈಪರ್ ಎಲ್ಲಕ್ಕಿಂತ ಕೊನೆಗೆ, ಚಿಮಟದ ತುದಿಯಲ್ಲಿ ಹಿಡಿದು, ಸಾಸಿವೆಯ ಅರ್ಧದಷ್ಟು ಫೆವಿಕಾಲ್ ಹಚ್ಚಿ. ಮಿನಿಯ ವೈಪರ್ ತಾಗಿದರೆ ಮುರಿಯುವಷ್ಟು ಸಣ್ಣದು. ಅದನ್ನು ಅಂಟಿಸಿದ ಮೇಲೆ ಕಾರನ್ನು ಛಾವಣಿಯಿಂದ ಎತ್ತಬೇಡಿ, ಕೆಳಗಿನಿಂದ ಎರಡು ಬೆರಳಲ್ಲಿ ಹಿಡಿದು, ನೇರ ಬಿಸಿಲು ಬೀಳದ ಗಾಜಿನ ಕಪಾಟಿಗೆ ಇಡಿ.